ಹಗರಿ ಕಂಪನಿಯ ಹೊಣೆಗಾರ

ಊರ ಲೆಕ್ಕ ಬರೆಯುವ ಕರಣಂ ಜಪ್ತಿಯ ಪಟ್ಟಿಯಲ್ಲಿ ಎತ್ತುಗಳನ್ನು ಒಂದು ಜೋಡಿ ಎಂದು ಬರೆದುಕೊಳ್ಳುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಜಡೆಪ್ಪಗೌಡರು ತಲೆ ಎತ್ತಿದರು.

“ಇನ್ನೊಂದು ಜೋಡಿ ಹೊಲದಾಗ ಐತಿ. ಅದನ್ನೂ ಬರಕೋ.”

ಕರಣಂ ಬರೆಯುವುದನ್ನು ಬಿಟ್ಟು ಗೌಡರ ಮುಖ ನೋಡಿದ. ಜಪ್ತಿಗೆ ಬಂದಿದ್ದ ಜವಾನರೂ ನೋಡಿದರು. ಗೌಡರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಬೇರೆ ಯಾರದೋ ಮನೆಯ ಲೆಕ್ಕ ನಡೆದಿದೆ ಎನ್ನುವಂತೆ ಸುಮ್ಮನೆ ಕುಳಿತರು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಇನ್‌ಸ್ಪೆಕ್ಟರ್ ಚಿದಾನಂದಪ್ಪನಿಗೆ ಆ ಮಾತು ಸರಿಬರಲಿಲ್ಲ. ಪೊಲೀಸು ನೌಕರಿಯಲ್ಲಿ ತಲೆ ನರೆತ ಮನುಷ್ಯ ಅವನು. ಜಪ್ತಿಗಳನ್ನು ಬೇಕಾದಷ್ಟು ಕಂಡಿದ್ದ. ತಾಮ್ರದ ಹಂಡೆ ಬಣವೆಯೊಳಗೆ ಸೇರಿರುತ್ತದೆ, ಎಮ್ಮೆ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ನಿಂತಿರುತ್ತದೆ, ಹೆಂಗಸರ ಮೈಮೇಲಿನ ಬಂಗಾರ ಹಿಂದಿನ ದಿನವೇ ತವರಿಗೆ ಹೋಗಿರುತ್ತದೆ. ಯಾರಾದರೂ ಹಾಗೆಯೇ ಮಾಡುತ್ತಾರೆ. ಬರೆಯದೆ ಬಿಟ್ಟದ್ದನ್ನು ಕರೆದು ತೋರಿಸುವ ಯಜಮಾನನನ್ನು ಅವನು ಈವರೆಗೆ ನೋಡಿರಲಿಲ್ಲ.

ಹತ್ತಿಯನ್ನು ಒತ್ತಿ ಮೂಟೆ ಕಟ್ಟುವ ಬಳ್ಳಾರಿಯ ಹಗರಿ ಹತ್ತಿ ಪ್ರೆಸ್ ಕಂಪನಿಯ ಸೆಕ್ರೆಟರಿ ರಾಘಣ್ಣ ಕಾಣೆಯಾಗಿ ತಿಂಗಳ ಮೇಲಾಗಿತ್ತು. ನೌಕರರ ಸಂಬಳದಲ್ಲಿ ಹಿಡಿದಿಟ್ಟ ವರಮಾನ ತೆರಿಗೆಯ ಹಣವೂ ಅವನೊಂದಿಗೇ ಕಾಣೆಯಾಗಿತ್ತು.

ತೆರಿಗೆಯ ಕಾಯ್ದೆ ಬಂದದ್ದು ಸಾವಿರದ ಎಂಟುನೂರ ಎಂಬತ್ತಾರನೇ ಇಸವಿಯಲ್ಲಿ, ಈಗ ತೊಂಬತ್ತನಾಲ್ಕು. ಹಗರಿ ಕಂಪನಿ ಕಲೆಕ್ಟರ್ ಕಚೇರಿಗೆ ಒಂದು ಕರಾರು ಬರೆದುಕೊಟ್ಟಿತ್ತು. ದೊಡ್ಡ ಸಂಬಳದ ನೌಕರರ ತೆರಿಗೆಯನ್ನು ತಿಂಗಳು ತಿಂಗಳು ತಾನೇ ಮುರಿದುಕೊಂಡು ಖಜಾನೆಗೆ ಕಟ್ಟುವುದಾಗಿ. ಮುರಿದುಕೊಂಡದ್ದು ನಿಜ. ಹೋದ ದೀಪಾವಳಿಯಿಂದ ಈಚೆಗೆ ಕಟ್ಟಿದ್ದು ಸುಳ್ಳು. ಹೀಗಾದಾಗ ಸರಕಾರ ಮೊದಲು ಸೆಕ್ರೆಟರಿಯನ್ನು ಹಿಡಿಯುತ್ತದೆ. ಸೆಕ್ರೆಟರಿ ಸಿಗದಿದ್ದರೆ, ಕಂಪನಿಗೆ ಸಂಬಂಧಪಟ್ಟವರಲ್ಲಿ ಯಾರಿಗೆ ಕಲೆಕ್ಟರ್ ದೊರೆ ನೋಟೀಸು ಕೊಡುತ್ತಾನೋ ಅವನೇ ಹೊಣೆಗಾರ. ಆಮೇಲೆ ಅದು ಕಂಪನಿಯ ಬಾಕಿಯಲ್ಲ, ಅವನ ಮನೆಯ ಬಾಕಿ. ಕಂದಾಯ ಕಟ್ಟದವನ ಆಸ್ತಿಯಂತೆ ಅವನ ಹೊಲ, ಎತ್ತು, ಪಾತ್ರೆ ಎಲ್ಲ ಹರಾಜಿಗೆ ಬರುತ್ತವೆ.

ಕಂಪನಿಗೆ ಇದ್ದ ಡೈರೆಕ್ಟರು ಇಬ್ಬರೇ. ಹತ್ತಿ ಬೆಳೆಯುವ ಕುರುಗೋಡಿನ ಈ ಜಡೆಪ್ಪಗೌಡರು, ಹತ್ತಿ ಕೊಳ್ಳುವ ಸಿರುಗುಪ್ಪದ ಸಾಹುಕಾರ ಉಚ್ಚೆಂಗೆಪ್ಪ. ಉಚ್ಚೆಂಗೆಪ್ಪ ತಾನು ದೀಪಾವಳಿಗೇ ಡೈರೆಕ್ಟರಿಕೆ ಬಿಟ್ಟೆನೆಂದು ಕಚೇರಿಯಲ್ಲಿ ಹೇಳಿದ್ದ. ಗೌಡರನ್ನು ಕೇಳಿದಾಗ ಅವರೂ ಹೌದು ಎಂದಿದ್ದರು. ಹಾಗಾಗಿ ನೋಟೀಸು ಬಂದದ್ದು ಕುರುಗೋಡಿಗೆ.

ಜವಾನರು ಹಿತ್ತಿಲ ಕಡೆ ಹೋದ ಮೇಲೆ ಚಿದಾನಂದಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ಎದುರಿಗೆ ಕುರುಗೋಡಿನ ಬೆಟ್ಟದ ಬಂಡೆಗಳು ಶ್ರಾವಣದ ಮೋಡದ ಕೆಳಗೆ ಕಪ್ಪಗೆ ಕಾಣುತ್ತಿದ್ದವು. ಅವನು ಮೆಲ್ಲಗೆ ಕೇಳಿದ. ಕಂಪನಿಯ ಸಭೆಗಳಿಗೆ ಗೌಡರು ಹೋಗುತ್ತಿದ್ದರೇ, ಲೆಕ್ಕ ನೋಡುತ್ತಿದ್ದರೇ, ಇಂಗ್ಲಿಷು ಕಾಗದಗಳಲ್ಲಿ ಏನು ಬರೆದಿದೆ ಎಂದು ಯಾರಾದರೂ ಓದಿ ಹೇಳಿದ್ದರೇ? ಕರೆದಾಗ ಹೋಗುತ್ತಿದ್ದೆ, ತೋರಿಸಿದಲ್ಲಿ ಸಹಿ ಹಾಕುತ್ತಿದ್ದೆ ಎಂದರು ಗೌಡರು. ಅಷ್ಟೇ ಆಗಿದ್ದರೆ ಕಲೆಕ್ಟರ್ ದೊರೆಗೆ ಹಾಗೆಂದು ಅರ್ಜಿ ಕೊಡಬಹುದಲ್ಲ ಎಂದ ಚಿದಾನಂದಪ್ಪ.

ಗೌಡರು ಒಪ್ಪಲಿಲ್ಲ.

“ಈ ಸುತ್ತಿನ ಮಂದಿ ಕಂಪನಿಗೆ ರೊಕ್ಕ ಹಾಕಿದ್ದು ನನ್ನ ಹೆಸರು ನೋಡಿ. ಆವಾಗ ಹೆಸರು ನಂದಾಗಿತ್ತು. ಈಗ ನಂದಲ್ಲ ಅಂತ ಹ್ಯಾಂಗ ಅನ್ಲಿ?”

“ಉಚ್ಚೆಂಗೆಪ್ಪನ ಹೆಸರೂ ಇತ್ತಲ್ರಿ ಗೌಡ್ರ.”

“ಅವ್ನು ಬಿಟ್ಟಾನ,” ಎಂದು ಗೌಡರು ಮುಖ ಅತ್ತ ತಿರುಗಿಸಿದರು.

ಎರಡು ಜೋಡಿ ಎತ್ತು ಹೋಗುವ ಮಾತನ್ನು ನೇರವಾಗಿ ನೋಡುತ್ತಾ ಆಡಿದ ಮನುಷ್ಯ, ಈ ಎರಡು ಮಾತು ಆಡುವಾಗ ಕಣ್ಣು ತಪ್ಪಿಸಿದ್ದರು. ಚಿದಾನಂದಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ಹಿತ್ತಿಲ ಬಾವಿಯ ಹತ್ತಿರ ಕೈಕಾಲು ತೊಳೆಯಲು ಹೋದಾಗ ಗೌಡರ ಹೆಂಡತಿ ಸಾವಂತ್ರಮ್ಮ ಅವನನ್ನು ತಡೆದಳು. ಮನೆಯ ಆಡಳಿತವೆಲ್ಲ ಅವಳದೇ ಎಂದು ಊರವರಿಂದ ಅವನು ಕೇಳಿದ್ದ. ಆಳಿಗೆ ಕಾಳು ಅಳೆಯುವುದರಿಂದ ಹಿಡಿದು ಹತ್ತಿ ಯಾವ ಸಂತೆಗೆ ಹೋಗಬೇಕೆನ್ನುವವರೆಗೆ ಗೌಡರು ಅವಳನ್ನು ಕೇಳದೆ ಹೆಜ್ಜೆ ಇಡುವವರಲ್ಲ. ಜಪ್ತಿಯ ಮನೆಯ ಹೆಂಗಸರಂತೆ ಅವಳು ಅತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ನೀರಿನ ಚರಿಗೆ ಮುಂದಿಟ್ಟು, ದನಿ ಏರಿಸದೆ ಹೇಳಿದಳು.

“ಡೈರೆಕ್ಟ್ರು ಇಬ್ರು ಇದ್ರು ಸಾಹೇಬ್ರ. ಜಪ್ತಿ ಒಂದ ಮನಿಗಿ ಬಂದೈತಿ. ಉಚ್ಚೆಂಗೆಪ್ಪ ಬಿಟ್ಟೀನಿ ಅನ್ನೂದು ಸುಳ್ಳು. ಯುಗಾದಿ ಆದಮ್ಯಾಗೂ ಇಲ್ಲಿಗಿ ಬಂದು ಇವ್ರನ್ನ ಬಳ್ಳಾರಿಗಿ ಕರ್ಕೊಂಡು ಹೋಗ್ಯಾನ. ಇವ್ರು ಬಾಯಿ ಬಿಡಂಗಿಲ್ಲ. ನೀವ ಸಿರುಗುಪ್ಪಕ್ಕ ಹೋಗಿ ಕೇಳ್ರಿ.”

ಬರುವ ವಾರ ಹರಾಜು. ಅಷ್ಟರೊಳಗೆ ಏನಾದರೂ ತಿಳಿದರೆ ಗೌಡರ ಮನೆ ಉಳಿದೀತು. ಆಮೇಲೆ ತಿಳಿದು ಫಲವಿಲ್ಲ. ಆದರೆ ಹೆಂಡತಿಯ ಸಿಟ್ಟನ್ನು ಸಾಕ್ಷಿ ಎಂದು ಕಲೆಕ್ಟರ್ ದೊರೆಯ ಮುಂದೆ ಇಡುವಂತಿರಲಿಲ್ಲ.

* * *

ಮರುದಿನ ಬೆಳಗ್ಗೆ ಬಳ್ಳಾರಿಗೆ ಬಂದ ಚಿದಾನಂದಪ್ಪ ಠಾಣೆಗೂ ಹೋಗದೆ ನೇರವಾಗಿ ರೈಲು ಸ್ಟೇಷನ್ನಿನ ಹಿಂದಿದ್ದ ಪ್ರೆಸ್ಸಿಗೆ ನಡೆದ.

ಹಂಗಾಮಿನಲ್ಲಿ ಕೌಲ್ ಬಜಾರದವರೆಗೂ ಕೇಳುತ್ತಿದ್ದ ಯಂತ್ರದ ಸದ್ದು ಈಗ ಇರಲಿಲ್ಲ. ಕಿಟಕಿಯ ಸರಳುಗಳಿಗೆ ಹಳೆಯ ಹತ್ತಿ ಅಂಟಿಕೊಂಡು ಮಳೆಗೆ ಕಂದಿತ್ತು. ಎಂಜಿನ್ನು ನಡೆಸುತ್ತಿದ್ದ ಗಾಳೆಪ್ಪ ಒಬ್ಬನೇ ಅಲ್ಲಿದ್ದ. ಕೆಲಸ ನಿಂತಿದ್ದರೂ ಯಂತ್ರಕ್ಕೆ ತುಕ್ಕು ಹಿಡಿದೀತೆಂದು ದಿನವೂ ಬಂದು ಎಣ್ಣೆ ಹಾಕಿ ಹೋಗುತ್ತಿದ್ದನಂತೆ.

ತೆರಿಗೆ ಮುರಿಸಿಕೊಂಡ ನೌಕರರಲ್ಲಿ ಅವನೂ ಒಬ್ಬ. ಈಗ ಕಚೇರಿಯ ಜವಾನ ಮನೆಗೆ ಬಂದು ನಿನ್ನ ತೆರಿಗೆ ಬಂದಿಲ್ಲ ಎನ್ನುತ್ತಿದ್ದಾನೆ, ಒಮ್ಮೆ ಕೊಟ್ಟದ್ದನ್ನು ಇನ್ನೊಮ್ಮೆ ಎಲ್ಲಿಂದ ತರಲಿ ಎಂದು ಗಾಳೆಪ್ಪ ಸಂಕಟ ತೋಡಿಕೊಂಡ. ನಿನ್ನ ಸಂಬಳದಿಂದ ಮುರಿದದ್ದಾಗಿದೆ, ಇನ್ನು ನಿನ್ನನ್ನು ಕೇಳುವಂತಿಲ್ಲ ಎಂದು ಚಿದಾನಂದಪ್ಪ ಸಮಾಧಾನ ಹೇಳಿದ. ಹೇಳಿದನೇ ಹೊರತು ಕಚೇರಿಯವರು ಹಾಗೆಯೇ ನಡೆಯುತ್ತಾರೆಂಬ ಭರವಸೆ ಅವನಿಗೂ ಇರಲಿಲ್ಲ.

ಸೆಕ್ರೆಟರಿಯ ಕೋಣೆ ಯಾವುದು ಎಂದು ಕೇಳಿದಾಗ ಗಾಳೆಪ್ಪ ಗೋದಾಮಿನ ಮೇಲ್ಭಾಗ ತೋರಿಸಿದ. ಮೊದಲು ಕೋಣೆ ಕೆಳಗೇ, ಬಾಗಿಲಿನ ಪಕ್ಕದಲ್ಲೇ ಇತ್ತಂತೆ. ಶಿವರಾತ್ರಿಯ ಸುಮಾರಿಗೆ ಹತ್ತಿಗೆ ಬೆಂಕಿ ಬಿದ್ದು ಆ ಕೋಣೆ ಸುಟ್ಟಿತು. ಅಂದಿನಿಂದ ರಾಘಣ್ಣ ತನ್ನ ಮೇಜು, ತಿಜೋರಿ ಎಲ್ಲವನ್ನೂ ಮೇಲಕ್ಕೆ ಸಾಗಿಸಿದ್ದ. ಹತ್ತಲು ಗೋದಾಮಿನ ಹಿಂದೆ ಮರದ ಮೆಟ್ಟಿಲು ಹೊಸದಾಗಿ ಮಾಡಿಸಿದ್ದರು.

ಚಿದಾನಂದಪ್ಪ ಹತ್ತಿ ನೋಡಿದ. ಕಡಿದಾದ ಮೆಟ್ಟಿಲು. ಮೇಲೆ ಸಣ್ಣ ಕೋಣೆ, ಒಂದು ಕಿಟಕಿ. ತಿಜೋರಿಯ ಬಾಗಿಲು ತೆರೆದಿತ್ತು. ಒಳಗೆ ಧೂಳಿನ ಹೊರತು ಏನೂ ಇರಲಿಲ್ಲ. ಕಿಟಕಿಯಿಂದ ಇಣುಕಿದರೆ ಪ್ರೆಸ್ಸಿನ ಗೇಟು ಪೂರ್ತಿ ಕಾಣುತ್ತಿತ್ತು.

ಪ್ರೆಸ್ಸು ಮುಚ್ಚುವ ದಿನ ಏನಾಯಿತು ಎಂಬುದನ್ನು ಗಾಳೆಪ್ಪ ಹೇಳಿದ. ಹತ್ತಿ ಬಿಡಿಸುವ ಹೆಂಗಸರು ವಾರಗಟ್ಟಲೆ ಕೂಲಿ ಸಿಗದೆ ಗೇಟಿನಲ್ಲಿ ಕುಳಿತಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಎಲ್ಲರಿಗೂ ಪೂರ್ತಿ ಕೂಲಿ ಸಿಕ್ಕಿತು. ಅಂದು ಯಾರು ಯಾರು ಬಂದಿದ್ದರು ಎಂದು ಚಿದಾನಂದಪ್ಪ ಕೇಳಿದ. ಗೌಡರು ಬಂದಿದ್ದರು ಎಂದ ಗಾಳೆಪ್ಪ. ಸಿರುಗುಪ್ಪದ ಸಾಹುಕಾರ?

ಗಾಳೆಪ್ಪ ಎಣ್ಣೆಯ ಕೈಗಳನ್ನು ಚಿಂದಿಯಿಂದ ಒರೆಸುತ್ತಾ ನಿಂತ. ಸಿರುಗುಪ್ಪದಲ್ಲಿ ಸಾಹುಕಾರರು ಹತ್ತಿಯ ಬೀಜ ಬಿಡಿಸುವ ಹೊಸ ಜಿನ್ನು ಹಾಕುವವರಿದ್ದಾರೆ, ಎಂಜಿನ್ನಿಗೆ ತನ್ನನ್ನೇ ಕರೆಯುವ ಮಾತಿದೆ ಎಂದ. ಹಾಗೆಂದು ಎಂಜಿನ್ನಿನ ಕಡೆಗೆ ತಿರುಗಿಬಿಟ್ಟ. ಚಿದಾನಂದಪ್ಪ ಒತ್ತಾಯಿಸಲಿಲ್ಲ. ಅನ್ನದ ದಾರಿ ಮುಚ್ಚಿಕೊಂಡು ಸಾಕ್ಷಿ ಹೇಳು ಎನ್ನುವುದು ಸುಲಭ. ಹೇಳಿದ ಮೇಲೆ ಅವನ ಮನೆಯ ಒಲೆಯನ್ನು ಯಾವ ಇನ್‌ಸ್ಪೆಕ್ಟರೂ ಹಚ್ಚುವುದಿಲ್ಲ.

ಅಂದೇ ಚಿದಾನಂದಪ್ಪ ಟಾಂಗಾ ಹತ್ತಿ ಸಿರುಗುಪ್ಪದ ದಾರಿ ಹಿಡಿದ. ಮಳೆ ಬಿದ್ದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಬಂಡಿ ಮುಂದೆ ಹೋಗದು. ಕುದುರೆಗೆ ಉಸಿರು ಬರಲೆಂದು ಆ ರಾತ್ರಿ ದಾರಿಯ ಮೋಕಾ ಊರಿನಲ್ಲೇ ತಂಗಬೇಕಾಯಿತು. ಚಾವಡಿಯ ಕಂಬಕ್ಕೆ ಒರಗಿ ಅವನು ಗೌಡರ ಮಾತನ್ನೇ ಮೆಲುಕು ಹಾಕಿದ. ಕಂಪನಿ ಎನ್ನುವುದು ಬಂದಾಗ ಸಂತೆಯಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ಎಲ್ಲರದೂ ಸ್ವಲ್ಪ ಸ್ವಲ್ಪ ಹಣ, ಮುಳುಗಿದರೆ ಹಾಕಿದಷ್ಟೇ ನಷ್ಟ, ಮನೆಮಠಕ್ಕೆ ಅಪಾಯವಿಲ್ಲ ಎಂದು. ಹತ್ತಿಯ ಬೆಲೆ ಬಿದ್ದರೆ ಆ ಮಾತು ನಿಜವೇ. ಆದರೆ ನೌಕರನ ಕೈಯಿಂದ ಸರಕಾರಕ್ಕೆಂದು ತೆಗೆದಿಟ್ಟ ಹಣ ಯಾವ ಕಾಲಕ್ಕೂ ಕಂಪನಿಯದಲ್ಲ. ಅದನ್ನು ಮುಟ್ಟಿದ ಕೈ ಯಾವುದು ಎಂದು ಕಾಯ್ದೆ ಹುಡುಕಿಯೇ ಹುಡುಕುತ್ತದೆ. ಹುಡುಕುವ ಆ ಕೆಲಸ ಈಗ ತನ್ನ ಪಾಲಿಗೆ ಬಂದಿದೆ.

* * *

ಕಾಲುವೆಯ ನೀರು ಕುಡಿದ ಸಿರುಗುಪ್ಪ, ಸುತ್ತಲಿನ ಕಪ್ಪು ನೆಲದ ನಡುವೆ ಬೇರೆಯೇ ಸೀಮೆಯಂತೆ ಹಸಿರಾಗಿತ್ತು. ನಾಟಿ ಮುಗಿದ ಗದ್ದೆಗಳ ಪಕ್ಕದಲ್ಲೇ ಉಚ್ಚೆಂಗೆಪ್ಪನ ಮಂಡಿ. ಚಿದಾನಂದಪ್ಪ ಹೋದಾಗ ಅವನು ಅಕ್ಕಿ ಅಳೆಸುತ್ತಿದ್ದ.

ಐವತ್ತರ ಆಸುಪಾಸಿನ, ತುಂಬಿದ ಮೈಯ, ನಗುಮುಖದ ಮನುಷ್ಯ. ಇನ್‌ಸ್ಪೆಕ್ಟರನ್ನು ಕಂಡು ಗಾಬರಿಯಾಗಲಿಲ್ಲ. ಗಾದಿಯ ಮೇಲೆ ಕೂರಿಸಿ, ಬೆಲ್ಲ ಹಾಕಿದ ಬಿಸಿ ಹಾಲು ತರಿಸಿ, ದಾರಿಯ ಕೆಸರಿನ ಬಗ್ಗೆ ವಿಚಾರಿಸಿದ. ಕಂಪನಿಯ ಮಾತು ಬಂದಾಗ ನಿಟ್ಟುಸಿರು ಬಿಟ್ಟ. ತಾನು ದೀಪಾವಳಿಗೇ ಕೈ ತೊಳೆದುಕೊಂಡವನು, ಆಮೇಲೆ ಪ್ರೆಸ್ಸಿನ ಹೊಸ್ತಿಲು ತುಳಿದವನಲ್ಲ, ಗೌಡರಿಗೆ ಹೀಗಾಗಬಾರದಿತ್ತು ಎಂದ.

ಚಿದಾನಂದಪ್ಪ ಎದುರು ಮಾತಾಡಲಿಲ್ಲ. ರಾಘಣ್ಣ ಎಂಥವನು, ಎಲ್ಲಿಗೆ ಹೋಗಿದ್ದಾನು ಎಂದಷ್ಟೇ ಕೇಳಿದ. ಕೆಲವರು ಮದರಾಸು ಎನ್ನುತ್ತಾರೆ, ಕೆಲವರು ಕಾಲ್ನಡಿಗೆಯಲ್ಲೇ ಗುಡ್ಡ ದಾಟಿ ಹೋದ ಎನ್ನುತ್ತಾರೆ ಎಂದೂ ಸೇರಿಸಿದ.

ಉಚ್ಚೆಂಗೆಪ್ಪ ತಲೆಯಾಡಿಸಿ ನಕ್ಕ.

“ಅವ್ನೆಲ್ಲಿ ಗುಡ್ಡ ದಾಟ್ತಾನ್ರಿ. ಮೊಣಕಾಲ ಬ್ಯಾನಿ ಮನಷ್ಯಾ. ಆ ಕಟಗಿ ಮೆಟ್ಲ ಹತ್ತೂದ್ರಾಗ ಅರ್ಧ ಜೀವ ಹೋಗಿರ್ತಿತ್ತು. ನಡುವ ಎರಡು ಸಲ ಕೂಡ್ತಿದ್ದ, ಪಾಪ.”

ಚಿದಾನಂದಪ್ಪ ಹಾಲಿನ ಲೋಟ ಮುಗಿಸಿ ನಿಧಾನವಾಗಿ ಕೆಳಗಿಟ್ಟ.

“ಯಾವ ಮೆಟ್ಲ, ಸಾವ್ಕಾರ್ರ?”

“ಅದ, ಪ್ರೆಸ್ಸಿನ್ದು.”

“ಪ್ರೆಸ್ಸಿನ್ಯಾಗ ಮೆಟ್ಲ ಕಟ್ಟಿಸಿದ್ದು ಶಿವರಾತ್ರಿ ಆದಮ್ಯಾಗ. ನೀವು ದೀಪಾವಳಿಗಿ ಬಿಟ್ರಿ ಅಂದ್ರಿ.”

ಉಚ್ಚೆಂಗೆಪ್ಪನ ನಗು ಹಾಗೇ ಮುಖದ ಮೇಲೆ ಉಳಿಯಿತು. ಕಣ್ಣುಗಳು ಮಾತ್ರ ನಗುವುದನ್ನು ನಿಲ್ಲಿಸಿದವು. ಯಾರೋ ಹೇಳಿದ್ದನ್ನು ಕೇಳಿದ್ದೆ ಎಂದ.

“ಯಾರು ಹೇಳಿದ್ರು?”

“ಯಾರೋ. ನೆಪ್ಪಿಲ್ರಿ.”

“ರಾಘಣ್ಣ ನಡುವ ಎರಡು ಸಲ ಕೂಡ್ತಿದ್ದ ಅಂತನೂ ಅವ್ರ ಹೇಳಿದ್ರೇನು?”

ಹೊರಗೆ ಅಳೆಯುವವನು ಕೊಳಗ ಎಣಿಸುತ್ತಾ ಕೂಗುತ್ತಿದ್ದ. ಉಚ್ಚೆಂಗೆಪ್ಪ ಎದ್ದುಹೋಗಿ ಅವನನ್ನು ನಿಲ್ಲಿಸಿದ, ಆಳುಗಳನ್ನೆಲ್ಲ ಊಟಕ್ಕೆ ಕಳಿಸಿದ. ಬಾಗಿಲು ಮುಂದೆ ಮಾಡಿ ಬಂದು ಕುಳಿತಾಗ ಗಾದಿಯ ಮೇಲೆ ಕೂರದೆ ಇನ್‌ಸ್ಪೆಕ್ಟರನ ಎದುರಿಗೆ ಬರಿಯ ನೆಲದ ಮೇಲೆ ಕುಳಿತ.

“ನೀವು ಬಂದದ್ದು ಚಲೋ ಆತು,” ಎಂದ. “ಈ ಸುಳ್ಳು ಹೊತ್ಕೊಂಡು ನಿದ್ದಿ ಬರವಲ್ದು.”

ಆಮೇಲೆ ಅವನು ಹೇಳಿದ್ದನ್ನು ಚಿದಾನಂದಪ್ಪ ಎಲ್ಲಿಯೂ ತಡೆಯದೆ ಕೇಳಿದ.

ದೀಪಾವಳಿಯಿಂದ ತೆರಿಗೆ ಕಟ್ಟದಂತೆ ತಡೆದವನು ತಾನೇ ಎಂದ ಉಚ್ಚೆಂಗೆಪ್ಪ. ಕದಿಯುವ ಉದ್ದೇಶ ಇರಲಿಲ್ಲ. ಬೊಂಬಾಯಿಗೆ ಕಳಿಸಿದ ಹತ್ತಿಯ ಹಣ ಬರಲಿ, ಎಲ್ಲ ಒಟ್ಟಿಗೆ ಕಟ್ಟಿದರಾಯಿತು, ಅಲ್ಲಿಯವರೆಗೆ ತಿಜೋರಿಯಲ್ಲಿ ಒಂದಿಷ್ಟು ಹಣ ಇದ್ದರೆ ಧೈರ್ಯ ಎಂದುಕೊಂಡಿದ್ದ. ರಾಘಣ್ಣ ಪ್ರತಿ ತಿಂಗಳೂ ನೆನಪು ಮಾಡುತ್ತಿದ್ದ. ತೆರಿಗೆಯ ಹಣವನ್ನು ಬೇರೆಯದರ ಜೊತೆ ಬೆರೆಸದೆ ಒಂದು ಚೀಲದಲ್ಲಿ ಕಟ್ಟಿ ಇಡುತ್ತಿದ್ದ. ಬೊಂಬಾಯಿಯ ಹಣ ಬರಲೇ ಇಲ್ಲ. ಕೊಂಡವರೇ ದಿವಾಳಿ ತೆಗೆದರು.

ಪ್ರೆಸ್ಸು ಮುಚ್ಚುವ ದಿನ ಮೂವರೂ ಮೇಲಿನ ಕೋಣೆಯಲ್ಲಿ ಕುಳಿತಿದ್ದರು. ಕೆಳಗೆ ಗೇಟಿನಲ್ಲಿ ಹೆಂಗಸರು. ಅವರು ಕೂಗಾಡುತ್ತಿರಲಿಲ್ಲ, ಸುಮ್ಮನೆ ಕುಳಿತಿದ್ದರು, ಅದನ್ನೇ ನೋಡಲಾಗುತ್ತಿರಲಿಲ್ಲ. ಆ ಚೀಲ ಬಿಚ್ಚಿ ಕೂಲಿ ಕೊಡೋಣ ಎಂದು ತಾನು ಹೇಳಿದೆ ಎಂದ ಉಚ್ಚೆಂಗೆಪ್ಪ. ರಾಘಣ್ಣ ಮಾತ್ರ ಕೈಮುಗಿದು ಬೇಡ ಎಂದ. ಅದು ನಮ್ಮದಲ್ಲ, ನೌಕರರು ನಮ್ಮನ್ನು ನಂಬಿ ಬಿಟ್ಟುಕೊಟ್ಟದ್ದು, ನಾಳೆ ಕೇಳಿದರೆ ಯಾರು ಉತ್ತರ ಕೊಡುತ್ತೀರಿ ಎಂದ.

“ಗೌಡ್ರು ಅಲ್ಲಿತನ ಮಾತಾಡಿರ್ಲಿಲ್ರಿ. ಕಿಡಿಕ್ಯಾಗ ನಿಂತು ಕೆಳಗ ನೋಡಾಕತ್ತಿದ್ರು. ಆಮ್ಯಾಲ ತಿರುಗಿ ಅಂದ್ರು. ಕೊಟ್ಟುಬಿಡು ರಾಘಣ್ಣ, ಯಾರರ ಕೇಳಿದ್ರ ನನ್ನ ಹೆಸರು ಹೇಳು ಅಂತ.”

ರಾಘಣ್ಣ ಬಹಳ ಹೊತ್ತು ನಿಂತಿದ್ದು, ಕೊನೆಗೆ ತಿಜೋರಿ ತೆಗೆದು ಚೀಲ ತಂದು ಉಚ್ಚೆಂಗೆಪ್ಪನ ಕೈಗೆ ಕೊಟ್ಟ. ಕೂಲಿ ಹಂಚಿದ್ದು ಉಚ್ಚೆಂಗೆಪ್ಪನೇ.

ಕಚೇರಿಯಿಂದ ಮೊದಲ ವಿಚಾರಣೆ ಬಂದಾಗ ಗೌಡರು ರಾಘಣ್ಣನಿಗೆ ದೂರ ಹೋಗಲು ಹೇಳಿದರು. ಸೆಕ್ರೆಟರಿ ಕಣ್ಣೆದುರು ಇರುವವರೆಗೆ ಕಾಯ್ದೆ ಅವನನ್ನೇ ಹಿಡಿಯುತ್ತದೆ. ಸಂಬಳದ ಮೇಲೆ ಬದುಕುವವನು, ಜೈಲಿಗೆ ಹೋದರೆ ಅವನ ಹೆಂಡತಿ ವೆಂಕೂಬಾಯಿ ಯಾರ ಬಾಗಿಲಿಗೆ ಹೋಗಬೇಕು ಎಂದರು. ಸಿರುಗುಪ್ಪದ ಹೊಳೆಯಲ್ಲಿ ಹರಿಗೋಲು ಹತ್ತಿಸಿ ನಿಜಾಮನ ಸೀಮೆಗೆ ದಾಟಿಸಿದ್ದು ಉಚ್ಚೆಂಗೆಪ್ಪ. ಆಚೆ ದಡದ ಒಂದು ಮಠದಲ್ಲಿ ಅವನು ಇದ್ದಾನೆ ಎಂದ.

“ಮತ್ತ ನೀವು ಬಿಟ್ರಿ ಅನ್ನೂ ಸುಳ್ಳು?”

ಉಚ್ಚೆಂಗೆಪ್ಪ ನೆಲ ನೋಡಿದ.

“ಅದನ್ನೂ ಗೌಡ್ರ ಹೇಳಿಕೊಟ್ರು. ಎರಡು ಮನಿ ಯಾಕ ಹಾಳಾಗಬೇಕು, ಒಂದ ಸಾಕು ಅಂದ್ರು. ಬ್ಯಾಡ ಅನ್ನೂದಿತ್ತು. ನಾನು ಹೂಂ ಅಂದೆ.”

ಚಿದಾನಂದಪ್ಪನಿಗೆ ಗೌಡರು ಮುಖ ತಿರುಗಿಸಿದ್ದರ ಅರ್ಥ ಈಗ ಆಯಿತು ಎನಿಸಿತು. ಇನ್ನೊಬ್ಬನನ್ನು ಉಳಿಸಲು ಹೇಳಿದ ಸುಳ್ಳು; ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಹಸಿದವರಿಗೆ ಕೂಲಿ ಕೊಟ್ಟದ್ದು ತಪ್ಪೇ ಎಂದು ಯಾರಾದರೂ ಚಿದಾನಂದಪ್ಪನನ್ನು ಕೇಳಿದ್ದರೆ ಏನು ಹೇಳುತ್ತಿದ್ದನೋ. ಕೈಯಲ್ಲಿದ್ದದ್ದು ಗಾಳೆಪ್ಪನಂಥವರ ಹಣ, ಸರಕಾರಕ್ಕೆ ಮುಟ್ಟಬೇಕಾದ ಹಣ. ಅದರಿಂದ ಧರ್ಮ ಮಾಡಲು ಇವರಿಗೆ ಅಧಿಕಾರವಿರಲಿಲ್ಲ. ಮಾಡಿದ್ದಂತೂ ಧರ್ಮವೇ. ಈ ಎರಡು ಮಾತೂ ಒಟ್ಟಿಗೆ ನಿಜವಾಗಿರುವಾಗ ಇನ್‌ಸ್ಪೆಕ್ಟರ್ ಆದವನು ಹಿಡಿದುಕೊಳ್ಳಬೇಕಾದದ್ದು ಒಂದನ್ನೇ, ನಡೆದದ್ದು ಏನೋ ಅದನ್ನು.

ನೀವು ಬಳ್ಳಾರಿಗೆ ಬಂದು ಕಲೆಕ್ಟರ್ ದೊರೆಯ ಎದುರು ಇದನ್ನೇ ಹೇಳಬೇಕು ಎಂದ. ಹೇಳಿದರೆ ನಿಮ್ಮ ಹೆಸರಿಗೂ ನೋಟೀಸು ಬರುತ್ತದೆ, ಈ ಮಂಡಿಗೂ ಜವಾನರು ಬರುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಉಚ್ಚೆಂಗೆಪ್ಪ ಎದ್ದು ಗೂಟದ ಮೇಲಿನ ರುಮಾಲು ತೆಗೆದು ಸುತ್ತಿಕೊಳ್ಳತೊಡಗಿದ. ಅರ್ಧದಷ್ಟು ತಾನು ಇಂದೇ ಕೈಯಿಂದ ಕಟ್ಟಬಲ್ಲೆ, ಗೌಡರ ಹೊಲ ಹರಾಜಿಗೆ ಹೋಗದಂತೆ ಮಾಡಿದರೆ ಸಾಕು ಎಂದ. ಮಾತಿನಲ್ಲಿ ತೋರಿಕೆ ಇರಲಿಲ್ಲ. ಬಂದಾಗಿನಿಂದ ಮೊದಲ ಬಾರಿಗೆ ಚಿದಾನಂದಪ್ಪನಿಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು.

ಅಷ್ಟರಲ್ಲಿ ಹೊರಗೆ ಕುದುರೆ ನಿಂತ ಸದ್ದಾಯಿತು.

ಬಂದವನು ಬಳ್ಳಾರಿ ಠಾಣೆಯ ಕಾನ್ಸ್ಟೇಬಲ್ ಜೋಗಪ್ಪ. ಕುದುರೆಯ ಹೊಟ್ಟೆಯವರೆಗೆ ಕೆಸರು, ಅವನ ಮೀಸೆಯ ಮೇಲೂ ಕೆಸರು. ಸಾಹೇಬರು ಇನ್ನೂ ಕುರುಗೋಡಿನಲ್ಲೇ ಇರಬಹುದೆಂದು ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಇತ್ತ ಬಂದನಂತೆ.

“ರಾಘಣ್ಣ ಸಿಕ್ಕಾರ್ರಿ. ಸಿಕ್ಕಿದ್ದಲ್ಲ, ತಾವ ಬಂದಾರ. ಗೌಡ್ರ ಮನಿಗಿ ಜಪ್ತಿ ಬರ್ತೈತಂತ ಮೊದಲ ಹೊಳಿ ಆಚಿ ಸುದ್ದಿ ಹೋಗಿತ್ತಂತ. ನಿನ್ನಿ ಕಚೇರಿಗಿ ಬಂದು, ಹಿಡೀಬೇಕಾದ್ದು ನನ್ನ, ಗೌಡ್ರನ್ನ ಬಿಡ್ರಿ ಅಂತ ನಿಂತ್ಬಿಟ್ರು.”

ಉಚ್ಚೆಂಗೆಪ್ಪನ ಕೈ ರುಮಾಲಿನ ಮೇಲೆ ನಿಂತಿತು.

ಜೋಗಪ್ಪ ಮುಂದಿನದನ್ನು ಹೇಳಲು ಸಾಹುಕಾರನ ಮುಖ ನೋಡಿ ಅನುಮಾನಿಸಿದ. ಹೇಳು ಎಂದ ಚಿದಾನಂದಪ್ಪ. ಕಚೇರಿಯ ಬಾಗಿಲಲ್ಲಿ ನಿಂತು ತಾನು ಕಿವಿಯಾರೆ ಕೇಳಿದ್ದು ಎಂದು ಜೋಗಪ್ಪ ಶುರುಮಾಡಿದ. ರಾಘಣ್ಣನ ಹೇಳಿಕೆಯಂತೆ, ತೆರಿಗೆಯ ಹಣ ಕೂಲಿಗೆ ಹೋಗಿಯೇ ಇರಲಿಲ್ಲ. ಪ್ರೆಸ್ಸು ಮುಚ್ಚುವ ಮುಂಚೆಯೇ ಒಂದು ದಿನ ಅವನು ತಿಜೋರಿ ತೆಗೆದಾಗ ಚೀಲ ಬರಿದಾಗಿತ್ತು. ಹೇಳಿದರೆ ಕಳ್ಳನ ಪಟ್ಟ ತನ್ನ ತಲೆಗೇ ಬರುತ್ತದೆಂದು ಹೆದರಿ, ವೆಂಕೂಬಾಯಿಯ ಬಳೆ, ಸರ ಎಲ್ಲವನ್ನೂ ಅಡವಿಟ್ಟು ಆ ಚೀಲ ತುಂಬಿದ. ಖಜಾನೆಗೆ ಕಟ್ಟಿಬಿಡಬೇಕೆಂದಿದ್ದ. ಅಷ್ಟರಲ್ಲಿ ಡೈರೆಕ್ಟರು ಇಬ್ಬರೂ ಅದನ್ನೇ ಕೂಲಿಗೆ ಕೊಡು ಎಂದರು. ಇದು ತೆರಿಗೆಯ ಹಣವಲ್ಲ, ನನ್ನ ಹೆಂಡತಿಯ ಒಡವೆ ಎಂದು ಹೇಳುವ ಬಾಯಿ ಅವನಿಗೆ ಬರಲಿಲ್ಲ.

ಉಚ್ಚೆಂಗೆಪ್ಪ ಮಂಡಿಯ ಕಂಬ ಹಿಡಿದುಕೊಂಡು ಕುಳಿತ. ರಾಘಣ್ಣನ ಹೆಂಡತಿಯ ಬಳೆಗಳನ್ನು ನಾನು ಮುಷ್ಟಿ ಮುಷ್ಟಿ ಹಂಚಿದೆನೇ ಎಂದು ತನಗೆ ತಾನೇ ಹೇಳಿಕೊಂಡ.

ಚಿದಾನಂದಪ್ಪನ ತಲೆಯಲ್ಲಿ ಬೇರೆಯೇ ಪ್ರಶ್ನೆ ಎದ್ದಿತ್ತು. ಗಂಟೆಯ ಹಿಂದೆ ಇದು ಮೂವರು ಒಳ್ಳೆಯವರು ಸೇರಿ ಮಾಡಿದ ತಪ್ಪಾಗಿತ್ತು. ಈಗ ಅದರ ಹಿಂದೆ ನಿಜವಾದ ಕಳವು ನಿಂತಿದೆ.

“ತಿಜೋರಿ ಬೀಗ ಒಡದಿರ್ಲಿಲ್ಲ. ನಾನು ನೋಡೀನಿ,” ಎಂದ. “ಕೀಲಿಕೈ ಎಷ್ಟು ಇದ್ದವು, ಸಾವ್ಕಾರ್ರ?”

“ಎರಡ. ಒಂದು ರಾಘಣ್ಣನ ಹತ್ರ. ಇನ್ನೊಂದು ಗೌಡ್ರಿಗಿ ಕೊಟ್ಟಿದ್ವಿ.”

“ಗೌಡ್ರು ಎಲ್ಲಿ ಇಡ್ತಿದ್ರು?”

ಉಚ್ಚೆಂಗೆಪ್ಪ ಉತ್ತರ ಕೊಡಲು ಬಾಯಿ ತೆರೆದು, ತಾನು ಹೇಳಲಿರುವುದು ತನಗೇ ಆಗ ಹೊಳೆದಂತೆ ತಡೆದುಕೊಂಡ.

“ಅವ್ರು ಕೀಲಿಕೈ ಇಟ್ಕೊಳ್ಳೂ ಮನಷ್ಯಾ ಅಲ್ರಿ. ಅದು ಸಾವಂತ್ರಮ್ಮನ ಉಡಿಯಾಗ ಇರ್ತಿತ್ತು. ಯುಗಾದಿ ಮುಂದ ಅಕಿ ಗೌಡ್ರ ಜೊತಿ ಬಳ್ಳಾರಿಗಿ ಬಂದಿದ್ಲು. ಪ್ರೆಸ್ಸು ನೋಡ್ತೀನಂತ ಒಬ್ಬಾಕಿನ ಮ್ಯಾಲ ಹತ್ತಿ ಹೋಗಿದ್ಲು.”

ಚಿದಾನಂದಪ್ಪ ಜೋಗಪ್ಪನ ಕಡೆ ತಿರುಗಿದ. ಕುರುಗೋಡಿನಲ್ಲಿ ಗೌಡತಿಯನ್ನು ಕಂಡೆಯಾ ಎಂದು ಕೇಳಿದ.

“ಮನ್ಯಾಗ ಇರ್ಲಿಲ್ರಿ. ನಸಿಕಿನ್ಯಾಗ ಎಲ್ಲೋ ಹೋಗ್ಯಾರಂತ. ಗೌಡ್ರು ಒಬ್ರ ಕಟ್ಟಿ ಮ್ಯಾಲ ಕುಂತಿದ್ರು. ಸಾಹೇಬ್ರು ಎಲ್ಲಿ ಅಂತ ಅಷ್ಟ ಕೇಳ್ದೆ. ಸಿರುಗುಪ್ಪಕ್ಕ ಹೋಗ್ಯಾರ, ಅವ್ರಿಗಿ ಒಂದು ಮಾತು ಮುಟ್ಟಿಸು ಅಂದ್ರು.” ಜೋಗಪ್ಪ ಮಾತನ್ನು ಸರಿಯಾಗಿ ನೆನಪು ಮಾಡಿಕೊಳ್ಳುವಂತೆ ನಿಂತ. “ಚೀಲದಾಗಿನ ರೊಕ್ಕ ತಗದಾವ ನಾನ. ಇನ್ನ ಯಾರನ್ನೂ ಕೇಳಬ್ಯಾಡ ಅಂತ ಹೇಳು ಅಂದ್ರು.”

“ಚೀಲ ಬರಿದಾಗಿತ್ತು ಅನ್ನೂದು ನೀನ ಅವ್ರಿಗಿ ಹೇಳಿದೇನು?”

“ಇಲ್ರಿ,” ಎಂದ ಜೋಗಪ್ಪ. “ರಾಘಣ್ಣ ಬಂದಾರ ಅನ್ನೂದನ್ನೂ ನಾನು ಬಾಯಿ ಬಿಟ್ಟಿಲ್ಲ.”